ಅಳಿವೆಯ ದೋಣಿ, ಡಾಲ್ಫಿನ್ ಮತ್ತು ಘಟ್ಟದ ನೀರು

(ಮಲೆನಾಡಿನ ಕೃಷಿಕರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲೆ ಸೇರಿದ ಸಭೆಯಲ್ಲಿ ಕಡಲ ದೋಣಿಯ ಮಾತೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಡಿಕೆಯ ಕೊಳೆರೋಗ, ಎಲೆಚುಕ್ಕಿ ರೋಗ, ಮಂಗಗಳ ಹಾವಳಿ, ಗುಡ್ಡ ಕುಸಿತ, ಬೆಟ್ಟದ ಹಕ್ಕು ಮುಂತಾಗಿ ಚರ್ಚಿಸಬೇಕಾದ ಸಂಗತಿಗಳು ಇಲ್ಲಿಯೇ ಬೇಕಾದಷ್ಟಿವೆ. ಆದರೂ ಇಂದಿನ ವಿಷಯವು ಕಾರವಾರ ಬಂದರಿನ ಸುತ್ತ ಸಣ್ಣ ದೋಣಿಗಳಲ್ಲಿ ಪ್ರವಾಸಿಗರನ್ನು ಕರೆದೊಯ್ದು ಡಾಲ್ಫಿನ್, ಕಡಲಹದ್ದು, ಕಾಂಡ್ಲಾವನ, ಸೂರ್ಯಾಸ್ತಗಳನ್ನು ತೋರಿಸುವ ಉದ್ಯೋಗಕ್ಕೆ ಸಂಬಂಧಿಸಿದ್ದು. ಇದಕ್ಕೆ ಕಾರಣಗಳಿವೆ. ಜೊಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ಸುಮಾರು 184 ಕಿಲೋಮೀಟರ್ ಹರಿದು, ಸದಾಶಿವಗಡದ ಬುಡದಲ್ಲಿ ಕಡಲನ್ನು ಸೇರುತ್ತದೆ. ಆ ದೋಣಿಗಳು ತೇಲುವ ನೀರಿನ ಒಂದು ಪಾಲು ಘಟ್ಟದಿಂದ ಇಳಿದದ್ದು. ಅಷ್ಟೇ ಅಲ್ಲ, ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಆ ದೋಣಿಗಳನ್ನು ಏರುವವರಲ್ಲಿ ಹೆಚ್ಚಿನವರು ಕಡಲನ್ನು ವರ್ಷಕ್ಕೊಮ್ಮೆಯೂ ಕಾಣದ ಘಟ್ಟದ ಮೇಲಿನವರು, ಬಯಲುಸೀಮೆಯವರು, ಶಾಲಾ ಪ್ರವಾಸದ ಮಕ್ಕಳು.

2019ರ ಜನವರಿ 21ರಂದು ನಡೆದ ದುರಂತವನ್ನು ಹಲವರು ಮರೆತಿರಬಹುದು. ಕಾರವಾರದ ಎದುರಿಗಿರುವ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆಯನ್ನು ಮುಗಿಸಿ ಮರಳುತ್ತಿದ್ದ ದೋಣಿಯೊಂದು ಅಲೆಯ ಹೊಡೆತಕ್ಕೆ ಸಿಲುಕಿ ಮಗುಚಿತು. 16 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯ ಒಂದೇ ಕುಟುಂಬದವರು, ಮಕ್ಕಳೂ ಇದ್ದರು. ದೋಣಿಯಲ್ಲಿ ಅದರ ಸಾಮರ್ಥ್ಯಕ್ಕೆ ಮೀರಿ ಜನರಿದ್ದರೆಂದೂ, ಜೀವರಕ್ಷಕ ಜಾಕೆಟ್‌ಗಳನ್ನು ಬಹುತೇಕರು ತೊಟ್ಟಿರಲಿಲ್ಲವೆಂದೂ ಅಂದಿನ ವರದಿಗಳು ತಿಳಿಸಿದವು. ಅಂದು ಚಂಡಮಾರುತವೇನೂ ಇರಲಿಲ್ಲ. ಸಾಧಾರಣ ಜನವರಿಯ ಒಂದು ಮಧ್ಯಾಹ್ನ, ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಅದು ಸಂಭವಿಸಿತು. ಕಡಲನ್ನು ಬಲ್ಲವರಿಗೆ ಈ ಸಾಧಾರಣ ಮಧ್ಯಾಹ್ನವೇ ಎಚ್ಚರದ ವೇಳೆ. ಏಕೆಂಬುದನ್ನು ತುಸು ವಿವರವಾಗಿ ನೋಡಬೇಕು.

ಕಾರವಾರದ ಕಡಲಿನ ವಿನ್ಯಾಸ ಹೀಗಿದೆ. ದಕ್ಷಿಣಕ್ಕೆ ಬೈತಕೋಲ್ ಗುಡ್ಡದ ಮರೆಯಲ್ಲಿ ಬಂದರು ಮತ್ತು ಮೀನುಗಾರಿಕಾ ಧಕ್ಕೆ. ಉತ್ತರಕ್ಕೆ ಕಾಳಿಯ ಅಳಿವೆ, ಅದರಾಚೆಗೆ ದೇವಬಾಗದ ಮರಳ ತೀರ. ಎದುರಿಗೆ ಕೂರ್ಮಗಡ, ದೇವಗಡ ಮುಂತಾದ ನಡುಗಡ್ಡೆಗಳು. ದೇವಗಡದ ದೀಪಸ್ತಂಭವು 1860ರ ದಶಕದ್ದು. ಬಂದರಿನಿಂದ ಇನ್ನೂ ದಕ್ಷಿಣಕ್ಕೆ ಅರಗಾದಲ್ಲಿ ನೌಕಾನೆಲೆ ಇದೆ. ಐಎನ್‌ಎಸ್ ಕದಂಬ ಅಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿತು. ನೌಕಾನೆಲೆಗಾಗಿ ಕರಾವಳಿಯ ಹಳ್ಳಿಗಳ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು, ಮೀನುಗಾರರ ಪಾಲಿನ ತೀರ ಕಿರಿದಾಯಿತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ತಡೆಗೋಡೆ ಕಾಮಗಾರಿಗೆ ವಿರುದ್ಧವಾಗಿ ಮೀನುಗಾರರು ಬೀದಿಗಿಳಿದದ್ದು ಇದೇ ಹಿನ್ನೆಲೆಯಲ್ಲಿ. ಇಂತಹ ಊರಿನಲ್ಲಿ, ಹಿರಿಯರ ಕಾಲದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಮನೆಗಳ ಹುಡುಗರು ಪ್ರವಾಸಿಗರ ದೋಣಿಯ ಚುಕ್ಕಾಣಿ ಹಿಡಿಯುತ್ತಿರುವುದನ್ನು ಹಗುರವಾಗಿ ಕಾಣುವಂತಿಲ್ಲ. ಅದು ವಿಲಾಸದ ಉದ್ಯಮವೆಂದು ಮೂಗು ಮುರಿಯುವ ಪರಿಸರವಾದಿಗಳು ಆ ಹುಡುಗರಿಗೆ ಬೇರೆ ಯಾವ ದಾರಿ ಉಳಿದಿದೆಯೆಂಬುದನ್ನೂ ಹೇಳಬೇಕಾಗುತ್ತದೆ.

ಇನ್ನು ಗಾಳಿ ಮತ್ತು ನೀರಿನ ವಿಚಾರ. ಚಳಿಗಾಲದ ಮುಂಜಾವಿನಲ್ಲಿ ನೆಲವು ಕಡಲಿಗಿಂತ ತಂಪಾಗಿರುವುದರಿಂದ ಗಾಳಿಯು ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ. ಆಗ ನೀರು ಕನ್ನಡಿಯಂತಿರುತ್ತದೆ. ಸೂರ್ಯನು ಏರಿದಂತೆ ನೆಲ ಕಾದು, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ ಅಥವಾ ವಾಯವ್ಯ ದಿಕ್ಕಿನಿಂದ ಕಡಲಗಾಳಿ ಏಳುತ್ತದೆ. ಅದೇ ವೇಳೆಗೆ ಅಳಿವೆಯಲ್ಲಿ ಇಳಿತವಿದ್ದರೆ, ನದಿಯ ನೀರೂ ಭರತದಲ್ಲಿ ಒಳಗೆ ನುಗ್ಗಿದ್ದ ನೀರೂ ಒಟ್ಟಾಗಿ ಹೊರಕ್ಕೆ ಧಾವಿಸುತ್ತವೆ. ಒಳಬರುವ ಗಾಳಿಗೆ ಹೊರಹೋಗುವ ಸೆಳವು ಎದುರಾದಾಗ ಅಲೆಗಳು ಒತ್ತಾಗಿ, ಕಡಿದಾಗಿ ನಿಲ್ಲುತ್ತವೆ. ಎತ್ತರ ಹೆಚ್ಚಿಲ್ಲದಿದ್ದರೂ ಒಂದರ ಬೆನ್ನಿಗೆ ಒಂದು ಬಂದು ದೋಣಿಯ ಮೂತಿಯನ್ನು ಏಳಗೊಡುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ಉಬ್ಬರ ಮತ್ತು ಇಳಿತಗಳ ಅಂತರವು ಎರಡು ಮೀಟರ್‌ಗಳ ಆಸುಪಾಸಿಗೆ ಮುಟ್ಟುತ್ತದೆ. ಆಗ ಸೆಳವೂ ಬಲವಾಗಿರುತ್ತದೆ. ಕೂರ್ಮಗಡದ ಜಾತ್ರೆಯೂ ಹುಣ್ಣಿಮೆಯ ದಿನವೇ ನಡೆಯುವಂಥದು ಎಂಬುದನ್ನು ಇಲ್ಲಿ ಗಮನಿಸಬಹುದು.

ಅನುಭವಿ ಚಾಲಕನು ಇಂತಹ ಹೊತ್ತಿನಲ್ಲಿ ಅಳಿವೆಯ ಬಾಯನ್ನು ದಾಟುವುದೇ ಇಲ್ಲ. ದಾಟಲೇಬೇಕಾದರೆ ನೀರು ತಿರುಗುವವರೆಗೆ ಕಾಯುತ್ತಾನೆ. ಜನರನ್ನು ಒಂದೇ ಪಕ್ಕಕ್ಕೆ ವಾಲಗೊಡುವುದಿಲ್ಲ. ಸಣ್ಣ ದೋಣಿಯಲ್ಲಿ ಹತ್ತು ಜನ ಒಮ್ಮೆಲೇ ಎದ್ದುನಿಂತು ‘ಅಗೋ ಡಾಲ್ಫಿನ್’ ಎಂದು ಎಡಕ್ಕೆ ಬಾಗಿದರೆ ಭಾರದ ಕೇಂದ್ರ ಮೇಲೇರಿ ಪಕ್ಕಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿ ಒಂದೇ ಒಂದು ಅಡ್ಡ ಅಲೆ ಸಾಕು. ಆದ್ದರಿಂದ ದೋಣಿ ವಿಹಾರದ ಮಾರ್ಗದರ್ಶಿಯ ಮೊದಲ ವಿದ್ಯೆಯು ಪ್ರಾಣಿಗಳ ಹೆಸರು ಹೇಳುವುದಲ್ಲ. ‘ಅಕ್ಕಾ, ಏಳಬೇಡಿ, ಕೂತೇ ನೋಡಿ’ ಎಂದು ಹೇಳಿ, ಹೇಳಿದ್ದನ್ನು ನಡೆಸಿಕೊಳ್ಳುವ ಗಟ್ಟಿತನ. ಜಾಕೆಟ್ ತೊಡದವರಿದ್ದರೆ ಹಗ್ಗ ಬಿಚ್ಚುವುದಿಲ್ಲ ಎನ್ನಲು ಇನ್ನೂ ಹೆಚ್ಚಿನ ಗಟ್ಟಿತನ ಬೇಕು, ಏಕೆಂದರೆ ಪಕ್ಕದ ದೋಣಿಯವನು ಕೇಳದೆಯೇ ಹತ್ತಿಸಿಕೊಳ್ಳುತ್ತಾನೆ.

ಈಗ ಡಾಲ್ಫಿನ್‌ನತ್ತ ಬರೋಣ. ಕಾರವಾರದ ದಡದಿಂದ ಕಾಣಸಿಗುವುದು ಬಹುಮಟ್ಟಿಗೆ ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ವೈಜ್ಞಾನಿಕವಾಗಿ ಇದನ್ನು ಸೌಸಾ ಪ್ಲಂಬಿಯಾ ಎನ್ನುತ್ತಾರೆ. ಬೆನ್ನಿನ ರೆಕ್ಕೆಯ ಕೆಳಗೆ ಉದ್ದನೆಯ ಉಬ್ಬು ಇರುವುದರಿಂದ ಈ ಹೆಸರು. ಬೂದು ಬಣ್ಣ, ಎರಡೂವರೆ ಮೀಟರಿನ ಆಸುಪಾಸಿನ ದೇಹ, ಉದ್ದನೆಯ ಮೂತಿ. ದಕ್ಷಿಣ ಆಫ್ರಿಕದಿಂದ ಭಾರತದವರೆಗಿನ ಕರಾವಳಿಯ ಅಂಚಿನಲ್ಲಿ ಮಾತ್ರ ಇದರ ವಾಸ. ಪೂರ್ವ ಏಷ್ಯಾದ ಗೂನುಬೆನ್ನಿನ ಡಾಲ್ಫಿನ್‌ಗಿಂತ ಇದು ಬೇರೆಯ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2014ರಲ್ಲಿ. ಅಲ್ಪಕಾಲದಲ್ಲಿಯೇ ಐಯುಸಿಎನ್ ಇದನ್ನು ವಿನಾಶದ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಈ ಪ್ರಾಣಿಗೆ ಆಳ ಸಮುದ್ರ ಒಗ್ಗದು. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ, ದಡಕ್ಕೆ ಅಂಟಿಕೊಂಡ ನೀರಿನಲ್ಲಿ, ಅದರಲ್ಲಿಯೂ ಅಳಿವೆಗಳ ಮುಂದೆ, ಮೀನುಗಳನ್ನು ಹುಡುಕುತ್ತಾ ಬದುಕುತ್ತದೆ. ಬಂದರು, ಬಲೆ, ದೋಣಿ, ಪಟ್ಟಣದ ಕೊಳಚೆ ಎಲ್ಲವೂ ಬಂದು ಸೇರುವುದೂ ಅದೇ ಕಿರಿದಾದ ಪಟ್ಟಿಗೆ. ಮಲೆನಾಡಿನಲ್ಲಿ ಆನೆಯ ದಾರಿಗೆ ರಸ್ತೆ ಮತ್ತು ತೋಟಗಳು ಅಡ್ಡ ಬಂದಂತೆಯೇ ಇದು. ಆದರೆ ಆನೆಗೆ ಹಿಂದೆ ಸರಿಯಲು ಒಂದಿಷ್ಟು ಕಾಡಾದರೂ ಇದೆ.

ತಾಯಿ ಸುಮಾರು ಒಂದು ವರ್ಷ ಗರ್ಭ ಹೊತ್ತು ಒಂದೇ ಮರಿಯನ್ನು ಹೆರುತ್ತದೆ. ಮುಂದಿನ ಮರಿಗೆ ಮೂರು ವರ್ಷಗಳಷ್ಟಾದರೂ ಅಂತರವಿರುತ್ತದೆ. ಇಷ್ಟು ನಿಧಾನವಾಗಿ ಹೆಚ್ಚುವ ಜೀವಿಯ ಸಂಖ್ಯೆ ಒಮ್ಮೆ ಕುಸಿದರೆ ಮರಳಿ ಏರಲು ದಶಕಗಳು ಬೇಕು. ಇದಕ್ಕಿರುವ ಅತಿ ದೊಡ್ಡ ಅಪಾಯ ಪ್ರವಾಸಿ ದೋಣಿಯಲ್ಲ, ಮೀನಿಗಾಗಿ ಬಿಟ್ಟ ಗಿಲ್‌ನೆಟ್ ಬಲೆಗಳು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಬಲೆಯಲ್ಲಿ ಸಿಕ್ಕಿಬಿದ್ದ ಡಾಲ್ಫಿನ್ ಉಸಿರಿಗಾಗಿ ಮೇಲೆ ಬರಲಾಗದೆ ಸಾಯುತ್ತದೆ. ಹಾಗೆಂದು ದೋಣಿಯ ಪಾತ್ರವನ್ನು ತಳ್ಳಿಹಾಕುವಂತಿಲ್ಲ.

ಇದಕ್ಕೆ ಉತ್ತಮ ಪುರಾವೆ ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಿಂದ ಬಂದಿದೆ. ಅಲ್ಲಿ ಹಲವು ವರ್ಷಗಳ ಕಾಲ ಡಾಲ್ಫಿನ್‌ಗಳನ್ನು ಒಂದೊಂದಾಗಿ ಗುರುತಿಟ್ಟು ಅಧ್ಯಯನ ಮಾಡಲಾಗಿತ್ತು. ಪ್ರವಾಸಿ ದೋಣಿಗಳಿಲ್ಲದ ಜಾಗವನ್ನೂ, ದೋಣಿಗಳಿದ್ದ ಜಾಗವನ್ನೂ ಹೋಲಿಸಿದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಎರಡು ಸಂಸ್ಥೆಗಳು ದೋಣಿ ನಡೆಸತೊಡಗಿದ ನಂತರ ಆ ಭಾಗದಲ್ಲಿ ಡಾಲ್ಫಿನ್‌ಗಳ ಸಾಂದ್ರತೆ ಸುಮಾರು ಶೇಕಡಾ 15ರಷ್ಟು ಇಳಿದಿತ್ತು. ಒಂದೇ ಸಂಸ್ಥೆ ಇದ್ದ ಕಾಲದಲ್ಲಿ ಇಂತಹ ಇಳಿಕೆ ಕಂಡಿರಲಿಲ್ಲ. ಉಳಿದ ಡಾಲ್ಫಿನ್‌ಗಳು ದೋಣಿಗೆ ಹೆದರದೆ ಆಡುತ್ತಿದ್ದವು. ಅದನ್ನು ನೋಡಿ ‘ಅವಕ್ಕೆ ರೂಢಿಯಾಗಿದೆ’ ಎಂದು ಜನ ತಿಳಿದರು. ವಾಸ್ತವದಲ್ಲಿ ಸೂಕ್ಷ್ಮ ಸ್ವಭಾವದವು ಊರು ಬಿಟ್ಟಿದ್ದವು, ಸಹಿಸುವವು ಮಾತ್ರ ಉಳಿದಿದ್ದವು. ಅಲ್ಲಿನ ಸರ್ಕಾರವು ಎರಡು ಪರವಾನಗಿಗಳನ್ನು ಒಂದಕ್ಕೆ ಇಳಿಸಿತು. ಗಮನಿಸಬೇಕಾದದ್ದು, ಅಲ್ಲಿದ್ದದ್ದು ನಿಯಮಬದ್ಧವಾಗಿ ನಡೆಯುತ್ತಿದ್ದ ಬೆರಳೆಣಿಕೆಯ ದೋಣಿಗಳು. ಕರ್ನಾಟಕ ಮತ್ತು ಗೋವಾದ ತೀರದ ರಜಾದಿನಗಳ ದೋಣಿಸಂತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ದೋಣಿಯು ಡಾಲ್ಫಿನ್‌ಗೆ ಮಾಡುವ ತೊಂದರೆ ಡಿಕ್ಕಿ ಹೊಡೆಯುವುದರಿಂದ ಮಾತ್ರವಲ್ಲ, ಸದ್ದಿನಿಂದಲೂ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಕಾಳಿಯ ಅಳಿವೆಯಂತಹ ಕದಡಿದ ನೀರಿನಲ್ಲಿ ಕಣ್ಣಿನ ಉಪಯೋಗ ಅಲ್ಪ. ಡಾಲ್ಫಿನ್ ಚಿಟಿಕೆಯಂತಹ ಸದ್ದುಗಳನ್ನು ಹೊರಡಿಸಿ, ಅವುಗಳ ಮಾರ್ದನಿಯಿಂದ ಮೀನನ್ನೂ ಬಲೆಯನ್ನೂ ಬಂಡೆಯನ್ನೂ ಗುರುತಿಸುತ್ತದೆ. ಸಿಳ್ಳೆಯ ಮೂಲಕ ಮರಿಯ ಸಂಪರ್ಕವನ್ನು ಉಳಿಸಿಕೊಳ್ಳುತ್ತದೆ. ಔಟ್‌ಬೋರ್ಡ್ ಯಂತ್ರದ ಪ್ರೊಪೆಲ್ಲರ್ ಹತ್ತಿರ ಬಂದಾಗ ಈ ಲೋಕವೆಲ್ಲ ಮಸುಕಾಗುತ್ತದೆ. ಮದುವೆ ಮನೆಯ ಧ್ವನಿವರ್ಧಕದ ಎದುರು ನಿಂತು ಮಗುವನ್ನು ಕರೆಯಲೆತ್ನಿಸುವ ತಾಯಿಯ ಸ್ಥಿತಿಯನ್ನು ನೆನೆದರೆ ಅರ್ಥವಾದೀತು.

ಒಳ್ಳೆಯ ಮಾರ್ಗದರ್ಶಿಯು ಇದನ್ನೆಲ್ಲ ಪುಸ್ತಕ ಓದಿ ಕಲಿತಿರಬೇಕೆಂದಿಲ್ಲ. ಅವನು ಗುಂಪಿನ ಮುಂದಕ್ಕಾಗಲೀ ನೇರ ಹಿಂದಕ್ಕಾಗಲೀ ದೋಣಿಯನ್ನು ತರುವುದಿಲ್ಲ. ಮುಂದೆ ತಂದರೆ ದಾರಿ ಕಟ್ಟಿದಂತೆ, ಹಿಂದಿನಿಂದ ಹೋದರೆ ಅಟ್ಟಿದಂತೆ. ಪಕ್ಕದಲ್ಲಿ, ಸಮಾನಾಂತರವಾಗಿ, ಅವು ಹೋಗುವ ದಿಕ್ಕಿಗೇ ನಿಧಾನವಾಗಿ ಸಾಗುತ್ತಾನೆ. ವೇಗವನ್ನು ಒಮ್ಮೆಲೇ ಏರಿಸುವುದಾಗಲೀ ಇಳಿಸುವುದಾಗಲೀ ಇಲ್ಲ, ಏಕೆಂದರೆ ಪ್ರಾಣಿಗಳನ್ನು ಬೆಚ್ಚಿಸುವುದು ಒಂದೇ ಸಮನಾದ ಸದ್ದಿಗಿಂತ ಹಠಾತ್ತಾಗಿ ಬದಲಾಗುವ ಸದ್ದು. ಆಸ್ಟ್ರೇಲಿಯದ ರಾಷ್ಟ್ರೀಯ ಮಾರ್ಗಸೂಚಿಯು ಡಾಲ್ಫಿನ್‌ಗಳಿಗೆ 50 ಮೀಟರಿಗಿಂತ ಹತ್ತಿರ ದೋಣಿ ಹೋಗಬಾರದೆಂದೂ, 150 ಮೀಟರಿನೊಳಗೆ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ದೋಣಿಗಳಿರಬಾರದೆಂದೂ ಹೇಳುತ್ತದೆ. 50 ಮೀಟರ್ ಎಂದರೆ ಮೂರು ಎತ್ತರದ ಅಡಿಕೆ ಮರಗಳನ್ನು ತುದಿಗೆ ಬುಡ ತಾಗಿಸಿ ಮಲಗಿಸಿದಷ್ಟು. ಅಷ್ಟು ದೂರದಿಂದ ಮೊಬೈಲಿನಲ್ಲಿ ಒಳ್ಳೆಯ ಚಿತ್ರ ಬರುವುದಿಲ್ಲ ಎಂಬುದು ನಿಜ. ಆದರೆ ಮೊಬೈಲಿನ ಚಿತ್ರಕ್ಕಾಗಿ ಮರಿ ಹಾಲು ಕುಡಿಯುವುದನ್ನು ನಿಲ್ಲಿಸಬೇಕೆ?

ಡಾಲ್ಫಿನ್‌ಗಳು ಅಸಹನೆಗೊಂಡಿವೆ ಎಂಬುದನ್ನು ತಿಳಿಯಲು ಗುರುತುಗಳಿವೆ. ಚದುರಿ ಮೀನು ಹಿಡಿಯುತ್ತಿದ್ದವು ಒಟ್ಟುಗೂಡಿ ಒತ್ತಾಗುತ್ತವೆ. ಮುಳುಗಿದವು ಮೊದಲಿಗಿಂತ ಹೆಚ್ಚು ಹೊತ್ತು ಏಳುವುದಿಲ್ಲ. ಎದ್ದಾಗ ದಿಕ್ಕು ಬದಲಾಗಿರುತ್ತದೆ. ಬಾಲದಿಂದ ನೀರನ್ನು ಬಡಿಯುತ್ತವೆ. ಬಾಲದ ಬಡಿತವನ್ನು ಪ್ರವಾಸಿಗರು ಆಟವೆಂದು ತಿಳಿದು ಚಪ್ಪಾಳೆ ತಟ್ಟುವುದುಂಟು. ಆ ಹೊತ್ತಿಗೆ ದೋಣಿಯನ್ನು ತಿರುಗಿಸಿ, ಏಕೆ ತಿರುಗಿಸಿದೆನೆಂದು ಪ್ರಯಾಣಿಕರಿಗೆ ಹೇಳಬಲ್ಲವನೇ ಮಾರ್ಗದರ್ಶಿ ಎನ್ನಿಸಿಕೊಳ್ಳಲು ಅರ್ಹ. ಉಳಿದವರು ಚಾಲಕರು ಮಾತ್ರ.

ಇದಕ್ಕೆ ಅಡ್ಡಿಯಾಗಿರುವುದು ಚಾಲಕನ ಅಜ್ಞಾನವಲ್ಲ, ವ್ಯಾಪಾರದ ಕ್ರಮ. ಗೋವಾದ ಕಡಲ ತೀರಗಳಲ್ಲಿ ‘ಡಾಲ್ಫಿನ್ ಕಾಣದಿದ್ದರೆ ಹಣ ಬೇಡ’ ಎಂಬ ಫಲಕಗಳು ಬಹುಕಾಲದಿಂದ ಪ್ರಸಿದ್ಧ. ಕೇಳಲು ಗ್ರಾಹಕನಿಗೆ ಅನುಕೂಲಕರವಾದ ಮಾತು. ಆದರೆ ಈ ಒಂದು ವಾಕ್ಯದಿಂದ ಇಂಧನದ ಖರ್ಚೂ ದಿನದ ಕೂಲಿಯೂ ಒಂದು ಕಾಡುಜೀವಿಯ ಬೆನ್ನ ಮೇಲೆ ಬಂದು ಕೂಡುತ್ತವೆ. ಡಾಲ್ಫಿನ್ ಕಾಣಲೇಬೇಕು, ಕಂಡಮೇಲೆ ಹತ್ತಿರ ಹೋಗಲೇಬೇಕು, ಒಬ್ಬನಿಗೆ ಕಂಡರೆ ಮೊಬೈಲಿನಲ್ಲಿ ಉಳಿದವರಿಗೆ ಸುದ್ದಿ ಹೋಗಿ ಎಲ್ಲ ದೋಣಿಗಳೂ ಒಂದೇ ಗುಂಪನ್ನು ಸುತ್ತುವರಿಯಬೇಕು. ಕಾನೂನಿನ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಡಾಲ್ಫಿನ್‌ಗಳಿಗೆ ಸ್ಥಾನವಿದೆ. ಅದೇ ಕಾಯ್ದೆಯು ‘ಬೇಟೆ’ಯನ್ನು ನಿರೂಪಿಸುವಾಗ ಕೊಲ್ಲುವುದನ್ನಷ್ಟೇ ಅಲ್ಲದೆ ಅಟ್ಟುವುದನ್ನೂ ಅದರಲ್ಲಿ ಸೇರಿಸಿದೆ. 2013ರಲ್ಲಿ ಕೇಂದ್ರ ಸರ್ಕಾರವು ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಪ್ರದರ್ಶಿಸುವ ಉದ್ಯಮಕ್ಕೆ ದೇಶದಲ್ಲಿ ಅವಕಾಶವಿಲ್ಲವೆಂದು ತೀರ್ಮಾನಿಸಿತು. ಉತ್ತಮ ತೀರ್ಮಾನ. ಅದರ ಫಲವಾಗಿ, ಡಾಲ್ಫಿನ್ ನೋಡಬಯಸುವವರು ಅದರ ಮನೆಗೇ ಹೋಗಬೇಕಾಗಿದೆ. ಹೋದವರು ನೆಂಟರಂತೆ ನಡೆದುಕೊಳ್ಳುತ್ತಾರೋ ಇಲ್ಲವೋ ಎಂಬುದು ಚುಕ್ಕಾಣಿ ಹಿಡಿದವನನ್ನು ಅವಲಂಬಿಸಿದೆ.

ಡಾಲ್ಫಿನ್ ಕಾಣದ ದಿನವೂ ಹಣಕ್ಕೆ ಮೋಸವಾಗದಂತೆ ವಿಹಾರವನ್ನು ರೂಪಿಸಲು ಕಾರವಾರದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ನಡುಗಡ್ಡೆಗಳ ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ವರ್ಷದಿಂದ ವರ್ಷಕ್ಕೆ ಅದೇ ಗೂಡಿಗೆ ಕಡ್ಡಿ ಸೇರಿಸುತ್ತಾ ಸಂಸಾರ ಮಾಡುತ್ತದೆ. ಮೀನುಗಾರರು ಗರುಡವೆಂದು ಕೈಮುಗಿಯುವ ಕೆಂಗಂದು ಹದ್ದು ಧಕ್ಕೆಯ ಮೇಲೆಯೇ ಸುತ್ತುತ್ತಿರುತ್ತದೆ. ಅಕ್ಟೋಬರಿನ ನಂತರ ಮಧ್ಯ ಏಷ್ಯಾದ ಕಡೆಯಿಂದ ಬರುವ ಕಡಲಕ್ಕಿಗಳು ಮರಳದಿಣ್ಣೆಗಳ ಮೇಲೆ ಸಾಲಾಗಿ ಕೂರುತ್ತವೆ. ಇವುಗಳಿಗೆ ಮಂಡಕ್ಕಿ, ಖಾರಸೇವು ಎಸೆದು ದೋಣಿಯ ಹಿಂದೆ ಹಾರಿಸುವ ಚಟ ಹಲವೆಡೆ ಹಬ್ಬಿದೆ. ಮಲೇಷ್ಯಾದ ಲಂಗ್ಕಾವಿ ದ್ವೀಪದಲ್ಲಿ ಕೋಳಿಯ ಚರ್ಮವನ್ನು ನೀರಿಗೆ ಎಸೆದು ಹದ್ದುಗಳನ್ನು ಕರೆಯುವುದು ಪ್ರವಾಸದ ಅಂಗವೇ ಆಗಿಹೋಗಿದೆ. ಮೀನು ಹಿಡಿಯಬೇಕಾದ ಹಕ್ಕಿ ದೋಣಿಯ ಸದ್ದಿಗೆ ಕಾಯತೊಡಗಿದರೆ ಅದು ವನ್ಯಜೀವಿಯಾಗಿ ಉಳಿಯಿತೆನ್ನುವುದು ಕಷ್ಟ.

ಅಳಿವೆಯ ಒಳಗಿನ ಕಾಂಡ್ಲಾವನಕ್ಕೆ ಹೋಗಲು ಭರತದ ಹೊತ್ತೇ ಸರಿ. ಸುಂಕೇರಿ, ಕಡವಾಡಗಳ ಕಡೆಗೆ ಸಾಗಿದರೆ ನೀರಿನಂಚಿನಲ್ಲಿ ಊರುಗೋಲುಗಳಂತಹ ಬೇರುಗಳನ್ನು ಇಳಿಬಿಟ್ಟ ಕಾಂಡ್ಲಾ ಮರಗಳು, ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದ ಉಸಿರುಬೇರುಗಳು ಕಾಣುತ್ತವೆ. ಊರುಗೋಲು ಬೇರಿನ ಕಾಂಡ್ಲಾದ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆತು, ಕೋಲಿನಂತೆ ಉದ್ದವಾಗಿ, ಕೆಳಗೆ ಬಿದ್ದು ಕೆಸರಿನಲ್ಲಿ ನಾಟುತ್ತದೆ ಅಥವಾ ತೇಲಿ ಬೇರೆಡೆಗೆ ಹೋಗುತ್ತದೆ. ಕೃಷಿಕರಿಗೆ ಇದಕ್ಕಿಂತ ಕುತೂಹಲಕರವಾದ ಸಸಿಮಡಿ ಬೇರೆ ಇರಲಾರದು. ಸಿಗಡಿ, ಏಡಿ ಮತ್ತು ಹಲವು ಮೀನುಗಳ ಮರಿಗಳು ಈ ಬೇರುಗಳ ನಡುವೆಯೇ ಬೆಳೆಯುತ್ತವೆ. ಇಲ್ಲಿ ದೋಣಿ ವೇಗವಾಗಿ ಹೋದರೆ ಹಿಂದೆ ಏಳುವ ಅಲೆಯು ದಂಡೆಯ ಮಣ್ಣನ್ನು ಕೆರೆದು, ಆಗಷ್ಟೇ ಬೇರೂರಿದ ಸಸಿಗಳನ್ನು ಕೀಳುತ್ತದೆ. ಯಂತ್ರವನ್ನು ಎತ್ತಿ ಹುಟ್ಟು ಹಾಕುವುದೇ ಇಲ್ಲಿಗೆ ತಕ್ಕ ಕ್ರಮ. ಹುಟ್ಟು ಹಾಕಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿಗೂ ಒಂದಿಷ್ಟು ಸಂಪಾದನೆಯಾದೀತು.

ಸೂರ್ಯಾಸ್ತದ ವಿಹಾರಕ್ಕೆ ಕಾರವಾರದಲ್ಲಿ ಹಳೆಯ ಹಿನ್ನೆಲೆಯಿದೆ. 1880ರ ದಶಕದ ಆರಂಭದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು, ಬೆಳದಿಂಗಳ ರಾತ್ರಿಯೊಂದರಲ್ಲಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ ಬಂದದ್ದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಹುಟ್ಟಿದ್ದು ಕಾರವಾರದಲ್ಲಿಯೇ. ಅಂದಿನ ದೋಣಿಗೆ ಯಂತ್ರವಿರಲಿಲ್ಲ.

ಇಂದಿನ ಸಂಜೆಯ ವಿಹಾರದಲ್ಲಿ ಲೆಕ್ಕ ಹಾಕಬೇಕಾದದ್ದು ಸೂರ್ಯ ಮುಳುಗುವ ಹೊತ್ತಿಗಿಂತ ಹೆಚ್ಚಾಗಿ ಅನಂತರದ ಹೊತ್ತನ್ನು. ಕಾರವಾರದಲ್ಲಿ ನವೆಂಬರ್ ಕೊನೆಗೆ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗಿದರೆ ಫೆಬ್ರವರಿಯ ನಡುವಿಗೆ ಆರೂವರೆ ದಾಟುತ್ತದೆ. ಬಿಂಬದ ಕೆಳಅಂಚು ನೀರನ್ನು ತಾಗಿದಲ್ಲಿಂದ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ವಾತಾವರಣವು ಬೆಳಕನ್ನು ಬಗ್ಗಿಸುವುದರಿಂದ, ನೀರಿನ ಮೇಲೆ ಕೆಂಪಾಗಿ ಕೂತಂತೆ ಕಾಣುವ ಸೂರ್ಯನು ಆ ವೇಳೆಗಾಗಲೇ ದಿಗಂತದ ಕೆಳಗೆ ಇಳಿದಾಗಿರುತ್ತಾನೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು. ಉಷ್ಣವಲಯದಲ್ಲಿ ಮುಸ್ಸಂಜೆ ಚಿಕ್ಕದು. ಇಪ್ಪತ್ತು, ಇಪ್ಪತ್ತೈದು ನಿಮಿಷಗಳಲ್ಲಿ ಬೆಳಕು ಕೈಬಿಡುತ್ತದೆ. ಅಷ್ಟರೊಳಗೆ ದೋಣಿ ಅಳಿವೆಯ ಬಾಯನ್ನು ದಾಟಿ ಒಳಗೆ ಬಂದಿರಬೇಕು. ಕತ್ತಲಲ್ಲಿ ಬಲೆಯ ತೇಲುಬುರುಡೆಗಳು ಕಾಣುವುದಿಲ್ಲ, ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ದೋಣಿ ಅಲೆಗೆ ಅಡ್ಡವಾಗಿ ನಿಲ್ಲುತ್ತದೆ. ಹೊತ್ತು ಮುಳುಗುವ ಮೊದಲೇ ಹೊರಟು, ಅಳಿವೆಯ ಒಳಗಿನ ಶಾಂತ ನೀರಿನಿಂದಲೇ ಸೂರ್ಯಾಸ್ತ ತೋರಿಸುವ ಚಾಲಕರಿಗೆ ‘ಕಡಲಿಗೇ ಕರೆದೊಯ್ಯಲಿಲ್ಲ’ ಎಂಬ ದೂರು ಬರುತ್ತದೆ. ಆ ದೂರನ್ನು ಹೊರುವವನ ದೋಣಿಯನ್ನೇ ಹುಡುಕಿ ಹತ್ತಬೇಕು.

ನದಿಯ ಹಾದಿಯೂ ವರ್ಷದಿಂದ ವರ್ಷಕ್ಕೆ ಒಂದೇ ರೀತಿ ಇರುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡಗಳ ನಡುವಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ಕಾಳಿಗೆ ಬಿದ್ದದ್ದು ನೆನಪಿರಬಹುದು. ಚಾಲಕನು ಅದೃಷ್ಟವಶಾತ್ ಬದುಕುಳಿದನು. ಅಂತಹ ಘಟನೆಯ ನಂತರ ನೀರಿನ ದಾರಿಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಕೊನೆಯದಾಗಿ ಘಟ್ಟದ ನೀರಿನ ಮಾತು. ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟುಗಳಿಂದಾಗಿ ಕಾಳಿಯ ಹರಿವು ಈಗ ಮಳೆಯ ಲಯಕ್ಕಿಂತ ವಿದ್ಯುತ್ತಿನ ಬೇಡಿಕೆಯ ಲಯವನ್ನು ಅನುಸರಿಸುತ್ತದೆ. ಶರಾವತಿಯ ಅಳಿವೆಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬರುವುದರಿಂದ ಉಪ್ಪಿನಂಶ ತಗ್ಗಿ, ಚಿಪ್ಪುಜೀವಿಗಳು ಕ್ಷೀಣಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆ ಇಂದಿಗೂ ಚಿಪ್ಪು ಮತ್ತು ಮೀನುಗಳಿಂದ ಸಮೃದ್ಧವಾಗಿದೆ. ಅಳಿವೆಯಲ್ಲಿ ಮೀನು ಎಷ್ಟಿದೆಯೋ ಡಾಲ್ಫಿನ್ ಅಷ್ಟೇ.

ಅಣೆಕಟ್ಟು ಕೃಷಿಕರ ಕೈಯಲ್ಲಿಲ್ಲ, ತೋಟದ ಮಣ್ಣು ಮಾತ್ರ ಇದೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವು ನೀರಿನಲ್ಲಿ ಸುಲಭವಾಗಿ ಕರಗಿ ಹೋಗದೆ ಮೇಲ್ಮಣ್ಣಿಗೆ ಅಂಟಿಕೊಳ್ಳುತ್ತದೆ. ಪಾಚಿಗೂ ಸೂಕ್ಷ್ಮ ಜಲಚರಗಳಿಗೂ ತಾಮ್ರ ಅಲ್ಪ ಪ್ರಮಾಣದಲ್ಲಿಯೇ ವಿಷ. ಮಣ್ಣು ಕೊಚ್ಚಿಹೋದರೆ ಅದೂ ಬಸಿಗಾಲುವೆ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಹೊ‌ಳೆಗೆ ಇಳಿಯುತ್ತದೆ. ಸೊಪ್ಪಿನ ಮುಚ್ಚಿಗೆ ಹಾಕಿ, ಕಾಲುವೆಯ ದಂಡೆಗೆ ಹುಲ್ಲು ಕೂರಿಸಿ ಮಣ್ಣನ್ನು ಹಿಡಿದಿಟ್ಟರೆ ತಾಮ್ರವೂ ಬಹುಮಟ್ಟಿಗೆ ತೋಟದಲ್ಲೇ ನಿಲ್ಲುತ್ತದೆ. ಡಿಡಿಟಿಯಂತಹ ಕೀಟನಾಶಕಗಳ ಕಥೆ ಇನ್ನೂ ಗಂಭೀರ. ಅವು ಕೊಬ್ಬಿನಲ್ಲಿ ಶೇಖರವಾಗುತ್ತಾ ಆಹಾರ ಸರಪಳಿಯ ಮೇಲಕ್ಕೆ ಏರುತ್ತವೆ. ತಾಯಿ ಡಾಲ್ಫಿನ್ ತನ್ನ ಮೈಯ ವಿಷವನ್ನು ಹಾಲಿನ ಮೂಲಕ ಮರಿಗೆ, ಅದರಲ್ಲಿಯೂ ಚೊಚ್ಚಲು ಮರಿಗೆ, ದಾಟಿಸುತ್ತದೆ. ಬಂಗಾಳ ಕೊಲ್ಲಿಯ ಡಾಲ್ಫಿನ್‌ಗಳ ಕೊಬ್ಬಿನಲ್ಲಿ ಡಿಡಿಟಿ ಇರುವುದು 1990ರ ದಶಕದಲ್ಲಿಯೇ ದಾಖಲಾಗಿತ್ತು. ಕರಾವಳಿಯ ಗೇರುತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಅನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ನಿಷೇಧಿಸುವ ಹೊತ್ತಿಗೆ ಸಾಕಷ್ಟು ಮನೆಗಳು ಅದರ ಬೆಲೆ ತೆತ್ತಿದ್ದವು.

ಡಿಸೆಂಬರಿನಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರು ಧಕ್ಕೆಯಲ್ಲಿ ದರ ವಿಚಾರಿಸುವ ಮೊದಲು ಜಾಕೆಟ್ ಎಷ್ಟಿವೆ, ಮಕ್ಕಳ ಅಳತೆಯವು ಇವೆಯೇ, ದೋಣಿಗೆ ಎಷ್ಟು ಜನರ ಪರವಾನಗಿಯಿದೆ, ಇಳಿತ ಯಾವಾಗ ಎಂದು ಕೇಳಲಿ. ‘ಡಾಲ್ಫಿನ್ ತೋರಿಸದಿದ್ದರೂ ಪೂರ್ತಿ ಹಣ ಕೊಡುತ್ತೇವೆ, ಬೆನ್ನಟ್ಟಬೇಡ ತಮ್ಮಾ’ ಎಂದು ಹತ್ತುವ ಮುನ್ನವೇ ಹೇಳಲಿ. ಈ ಒಂದು ಮಾತಿನಿಂದ ಚಾಲಕನ ಹೆಗಲ ಮೇಲಿನ ಒತ್ತಡ ಎಷ್ಟು ಇಳಿಯುತ್ತದೆಂಬುದು ಅವನ ಮುಖದಲ್ಲಿಯೇ ಕಾಣುತ್ತದೆ.

ಜೂನ್ ಮತ್ತು ಜುಲೈ ತಿಂಗಳುಗಳ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಪ್ರವಾಸಿ ದೋಣಿಗಳೂ ಮಳೆಗಾಲದಲ್ಲಿ ದಡವೇರುತ್ತವೆ. ಘಟ್ಟದ ಕೆಂಪು ನೀರು ಕಡಲಿನೊಳಗೆ ಬಹುದೂರ ಸಾಗುವುದನ್ನು ಸದಾಶಿವಗಡದ ಮೇಲೆ ನಿಂತು ನೋಡಬಹುದು. ಮಳೆ ಇಳಿದು ಮತ್ತೆ ದೋಣಿ ಇಳಿಸುವಾಗ ಅಳಿವೆಯ ಮರಳದಿಣ್ಣೆ ಹಿಂದಿನ ಜಾಗದಲ್ಲಿ ಇರುವುದಿಲ್ಲ. ಯಾವ ಪ್ರವಾಸಿಯನ್ನೂ ಹತ್ತಿಸಿಕೊಳ್ಳದೆ, ಒಂದೆರಡು ದಿನ ಬಿದಿರ ಗಳ ಹಿಡಿದು ಆಳ ನೋಡುತ್ತಾ ಹೊಸ ದಾರಿ ಗುರುತಿಸಿಕೊಳ್ಳುವುದು ಅಲ್ಲಿನ ತಿಳಿದ ಚಾಲಕರ ವರ್ಷದ ಮೊದಲ ಕೆಲಸ.